ಹುಲಿಯ ಪಟ್ಟೆ ಮತ್ತು ಲಕ್ಷ ರೂಪಾಯಿಯ ಟ್ಯಾಬ್ಲೆಟ್

"ಎಂತ ಮಾರಾಯ್ರೆ, ನಿಮ್ಮತ್ರ ಅಷ್ಟು ದುಡ್ಡಿನ ಟ್ಯಾಬ್ಲೆಟ್ ಉಂಟಲ್ಲ, ಒಂದು ಹುಲಿ ಬಿಡಿಸ್ಲಿಕ್ಕೆ ಎಷ್ಟೊತ್ತು ಬೇಕು?"

ಅಷ್ಟಮಿ, ದಸರಾ ಹತ್ತಿರ ಬಂತೆಂದರೆ ಮಂಗಳೂರು, ಉಡುಪಿಯಲ್ಲಿ ಡಿಜಿಟಲ್ ಚಿತ್ರ ಬಿಡಿಸುವವರ ಕಿವಿಗೆ ಈ ಮಾತು ಬಿದ್ದೇ ಬೀಳುತ್ತದೆ. ಟ್ಯಾಬ್ಲೆಟ್ ಎಂದರೆ ಇಲ್ಲಿ ಪೆನ್ನಿನಲ್ಲಿ ಎಳೆದ ಗೆರೆಯನ್ನು ಕಂಪ್ಯೂಟರಿಗೆ ಕಳಿಸುವ ಹಲಗೆ. ಪಿಲಿವೇಷದ, ಅಂದರೆ ಹುಲಿವೇಷದ, ತಂಡಕ್ಕೆ ಬ್ಯಾನರ್ ಬೇಕು, ಟೀ ಶರ್ಟಿಗೆ ಚಿತ್ರ ಬೇಕು, ನಾಳೆಗೇ ಬೇಕು. ಕೇಳುವವರದ್ದು ಕೆಟ್ಟ ಮನಸ್ಸಲ್ಲ. ಮೆಷಿನ್ ದೊಡ್ಡದಾದಷ್ಟು ಕೆಲಸ ಬೇಗ ಮುಗಿಯುತ್ತದೆ ಎನ್ನುವುದು ಅಕ್ಕಿ ಗಿರಣಿಯಲ್ಲಿ ನಿಜ. ಚಿತ್ರದಲ್ಲಿ ಹಾಗಾಗುವುದಿಲ್ಲ. ದುಬಾರಿ ಸಾಧನಕ್ಕೆ ಕೊಟ್ಟ ದುಡ್ಡಿಗೆ ಸಿಗುವುದು ಬೇರೆಯೇ ಏನೋ.

ಹುಲಿಯ ಒಂದೇ ಒಂದು ಪಟ್ಟೆಯನ್ನು ನೋಡೋಣ. ಪಕ್ಕೆಯ ಮೇಲಿನ ಪಟ್ಟೆ ಬೆನ್ನಿನ ಕಡೆಯಿಂದ ಸಪೂರವಾಗಿ ಹೊರಟು, ನಡುವಿನಲ್ಲಿ ದಪ್ಪವಾಗಿ, ಹೊಟ್ಟೆಯ ಕಡೆಗೆ ಬಾಗುತ್ತಾ ಮತ್ತೆ ಸೂಜಿಮೊನೆಯಂತೆ ಮುಗಿಯಬೇಕು. ವೇಷಧಾರಿಯ ಮೈಗೆ ಬಣ್ಣ ಹಾಕುವವರು ಬ್ರಷ್ ಒತ್ತಿ, ಸಡಿಲಿಸಿ ಇದನ್ನೇ ಮಾಡುತ್ತಾರೆ. ಟ್ಯಾಬ್ಲೆಟ್ಟಿನ ಪೆನ್ನಿನಲ್ಲೂ ಒತ್ತುವುದು, ಬಿಡುವುದು ಕೈಯೇ. ತುದಿಯ ಹಿಂದಿರುವ ಸೆನ್ಸರ್ ಅದನ್ನು ಅಳೆದು ಕಂಪ್ಯೂಟರಿಗೆ ಹೇಳುತ್ತದೆ, ಅಷ್ಟೇ. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದು ಅದಕ್ಕೆ ಗೊತ್ತಿಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರು ನಾಲ್ಕಾರು ಗೆರೆಗಳಲ್ಲಿ ಕುಣಿಯುವ ದೇಹವನ್ನು ಹಿಡಿದದ್ದು ಬರೀ ಶಾಯಿ, ಕಾಗದದಲ್ಲಿ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ 8192, 16384 ಎಂಬ ಒತ್ತಡದ ಹಂತಗಳ ಸಂಖ್ಯೆಯನ್ನು ನೋಡಿ ಜನ ಮರುಳಾಗುತ್ತಾರೆ. 40 ಪಿಕ್ಸೆಲ್ ದಪ್ಪದ ಬ್ರಷ್ಷಿನಲ್ಲಿ ಕಣ್ಣಿಗೆ ತಿಳಿಯುವ ದಪ್ಪದ ವ್ಯತ್ಯಾಸಗಳು ಕೆಲವು ಡಜನ್ ಮಾತ್ರ. 2048 ಹಂತದ ಹಳೆಯ ಟ್ಯಾಬ್ಲೆಟ್ಟಿಗೂ 8192ರದ್ದಕ್ಕೂ ಪಟ್ಟೆಯಲ್ಲಿ ವ್ಯತ್ಯಾಸ ಹುಡುಕಿದರೂ ಸಿಗುವುದಿಲ್ಲ. ನಿಜವಾದ ವ್ಯತ್ಯಾಸ ಇರುವುದು ಎಷ್ಟು ಹಗುರವಾಗಿ ಮುಟ್ಟಿದರೆ ಗೆರೆ ಶುರುವಾಗುತ್ತದೆ ಎಂಬಲ್ಲಿ. ಇದನ್ನು ಯಾವ ಪೆಟ್ಟಿಗೆಯೂ ದೊಡ್ಡ ಅಕ್ಷರದಲ್ಲಿ ಹೇಳುವುದಿಲ್ಲ. ಅಂಗಡಿಯಲ್ಲೇ ಪರೀಕ್ಷಿಸಬಹುದು. ಪೆನ್ನನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಅದರ ಸ್ವಂತ ತೂಕದಲ್ಲೇ ಮೆಲ್ಲಗೆ ಎಳೆಯಿರಿ. ಸಪೂರ ಗೆರೆ ಕಡಿಯದೆ ಬಂದರೆ ಪೆನ್ ಒಳ್ಳೆಯದು. ತುಂಡು ತುಂಡಾಗಿ ಬಂದರೆ ಪಟ್ಟೆಯ ತುದಿ ಯಾವತ್ತೂ ಮೊಂಡಾಗಿಯೇ ಮುಗಿಯುತ್ತದೆ.

ಇನ್ನೊಂದು ಪರೀಕ್ಷೆ. ಟ್ಯಾಬ್ಲೆಟ್ಟಿನ ಮೇಲೆ ಪ್ಲಾಸ್ಟಿಕ್ ಸ್ಕೇಲನ್ನು ಓರೆಯಾಗಿ ಇಟ್ಟು, ಸಾಫ್ಟ್‌ವೇರಿನ ಸ್ಟೆಬಿಲೈಸರ್ (ಗೆರೆಯ ನಡುಕವನ್ನು ತಾನೇ ಸರಿ ಮಾಡುವ ಸೌಲಭ್ಯ) ಆಫ್ ಮಾಡಿ, ಸ್ಕೇಲಿನ ಅಂಚಿಗೆ ತಾಗಿಸಿ ತೀರಾ ನಿಧಾನವಾಗಿ ಗೆರೆ ಎಳೆಯಿರಿ. ಒಂದು ಗೆರೆಗೆ ಎಂಟು ಹತ್ತು ಸೆಕೆಂಡ್ ಹಿಡಿಯಲಿ. ಗೆರೆ ಹಾವಿನಂತೆ ಅಲೆಯಲೆಯಾಗಿ ಬಂದರೆ ದೋಷ ನಿಮ್ಮ ಕೈಯದ್ದಲ್ಲ. ಬ್ಯಾಟರಿ ಇಲ್ಲದ ಪೆನ್ನು ಕೆಲಸ ಮಾಡುವುದು ಹೀಗೆ: ಟ್ಯಾಬ್ಲೆಟ್ಟಿನೊಳಗಿನ ತಂತಿಯ ಜಾಲ ವಿದ್ಯುತ್ಕಾಂತೀಯ ಅಲೆ ಬಿಡುತ್ತದೆ, ಪೆನ್ನಿನೊಳಗಿನ ಸುರುಳಿ ಅದೇ ಶಕ್ತಿಯನ್ನು ಹಿಡಿದು ಮರಳಿ ಕಳಿಸುತ್ತದೆ. ಪಕ್ಕದಲ್ಲಿ ಸ್ಪೀಕರಿನ ಅಯಸ್ಕಾಂತವೋ ಅಗ್ಗದ ಚಾರ್ಜರೋ ಇದ್ದರೆ, ಪ್ಲಗ್ಗಿಗೆ ಅರ್ಥಿಂಗ್ ಸರಿ ಇಲ್ಲದಿದ್ದರೆ ಈ ಮಾತುಕತೆಗೆ ಅಡ್ಡಿ ಬರುತ್ತದೆ. ಹಳೆಯ ವಯರಿಂಗಿನ ಮನೆಯಲ್ಲಿ ದುಬಾರಿ ಪೆನ್ ಡಿಸ್‌ಪ್ಲೇಯಲ್ಲಿ (ಪರದೆಯ ಮೇಲೆಯೇ ಬಿಡಿಸುವ ಟ್ಯಾಬ್ಲೆಟ್) ಗೆರೆ ನಡುಗಲು ಇದೇ ಕಾರಣವಾಗಿರಬಹುದು. ಮೊದಲು ಅರ್ಥ್ ಇರುವ ಮೂರು ಪಿನ್ನಿನ ಪಾಯಿಂಟಿಗೆ ಹಾಕಿ ನೋಡಿ, ಸರ್ವಿಸ್ ಸೆಂಟರಿನ ದಾರಿ ಆಮೇಲೆ ಹಿಡಿಯಬಹುದು.

"ಸ್ಕ್ರೀನ್ ಇಲ್ಲದ ಟ್ಯಾಬ್ಲೆಟ್ ಮಕ್ಕಳಾಟಿಕೆಗೆ, ಪ್ರೊಫೆಷನಲ್ ಆದರೆ ಪೆನ್ ಡಿಸ್‌ಪ್ಲೇಯೇ ಬೇಕು" ಎಂಬ ಮಾತಂತೂ ನಿಲ್ಲುವುದೇ ಇಲ್ಲ. ಸ್ಕ್ರೀನ್ ಇಲ್ಲದ್ದರಲ್ಲಿ ಕೈ ಕೆಳಗೆ, ಕಣ್ಣು ನೇರ ಎದುರಿನ ಮಾನಿಟರಿನಲ್ಲಿ. ಕುತ್ತಿಗೆ ಬಗ್ಗುವುದಿಲ್ಲ. ಪೆನ್ ಡಿಸ್‌ಪ್ಲೇಯನ್ನು ಜೊತೆಗೆ ಬಂದ 20 ಡಿಗ್ರಿ ಸ್ಟ್ಯಾಂಡಿನ ಮೇಲಿಟ್ಟು ಆರು ಗಂಟೆ ಬಗ್ಗಿ ಕೂತರೆ ಕುತ್ತಿಗೆ, ಹೆಗಲು ಹಿಡಿದುಕೊಳ್ಳುತ್ತದೆ. ಅದನ್ನು ಎತ್ತರಿಸಿ ವಾಲಿಸುವ ಗಟ್ಟಿ ಮಾನಿಟರ್ ಆರ್ಮ್ ಬೇಕು, ಅದರ ಭಾರ ತಡೆಯುವ ಮೇಜು ಬೇಕು. ಈ ಖರ್ಚನ್ನು ಯಾರೂ ಮೊದಲೇ ಲೆಕ್ಕ ಹಾಕುವುದಿಲ್ಲ. ಗೆರೆ ಎಳೆಯುವ ಜಾಗದಲ್ಲೇ ಗೆರೆ ಕಾಣುವುದು ದೊಡ್ಡ ಅನುಕೂಲ, ಇಂಕಿಂಗ್, ಅಂದರೆ ಕಚ್ಚಾ ಗೆರೆಯ ಮೇಲೆ ಕೊನೆಯ ಗೆರೆ, ಎಳೆಯುವವರಿಗೆ ವಿಶೇಷವಾಗಿ. ಹೊಸಬರ ಕೈ ಸ್ಕ್ರೀನ್ ಇಲ್ಲದ್ದಕ್ಕೆ ಒಗ್ಗಲು ದಿನಾ ಒಂದು ಗಂಟೆಯಂತೆ ಎರಡು ಮೂರು ವಾರ ಹಿಡಿಯಬಹುದು. ಅಷ್ಟು ತಾಳ್ಮೆ ಇದ್ದರೆ ಮೊದಲನೆಯ ಸಾಧನ ಅದೇ ಆಗಲಿ.

ಆದರೆ ಡಬ್ಬಿಯಿಂದ ತೆಗೆದ ಕೂಡಲೇ ಒಂದು ಸೆಟ್ಟಿಂಗ್ ಸರಿ ಮಾಡಿ. 6 ಇಂಚು ಅಗಲ, 3.75 ಇಂಚು ಎತ್ತರದ ಸಣ್ಣ ಟ್ಯಾಬ್ಲೆಟ್ಟಿನ ಅನುಪಾತ 16:10. ನಿಮ್ಮ ಮಾನಿಟರ್ ಹೆಚ್ಚಾಗಿ 16:9 ಆಗಿರುತ್ತದೆ. ಹಾಗೇ ಬಿಟ್ಟರೆ ಕೈ ದುಂಡಗೆ ತಿರುಗಿದರೂ ಪರದೆಯಲ್ಲಿ ಚೆಂಡೆಯ ಮುಖ ಸುಮಾರು 11 ಶೇಕಡಾ ಅಡ್ಡ ಉಬ್ಬಿ ಮೊಟ್ಟೆಯಂತೆ ಬರುತ್ತದೆ. "ನನ್ನ ಕೈಯೇ ಸರಿ ಇಲ್ಲ" ಎಂದು ಎಷ್ಟೋ ಮಕ್ಕಳು ಬೇಸರಪಡುವುದು ಇಲ್ಲೇ. ಡ್ರೈವರಿನಲ್ಲಿ (ಟ್ಯಾಬ್ಲೆಟ್ಟನ್ನು ನಡೆಸುವ ಸಾಫ್ಟ್‌ವೇರ್) ಮ್ಯಾಪಿಂಗಿಗೆ, ಅಂದರೆ ಟ್ಯಾಬ್ಲೆಟ್ಟಿನ ಜಾಗವನ್ನು ಪರದೆಗೆ ಹೊಂದಿಸುವಲ್ಲಿಗೆ, ಹೋಗಿ 'ಫೋರ್ಸ್ ಪ್ರಪೋರ್ಷನ್ಸ್' ಟಿಕ್ ಮಾಡಿ, ಅಥವಾ ಎತ್ತರವನ್ನು 3.375 ಇಂಚಿಗೆ ಇಳಿಸಿ. ಗೆರೆ ಶುರುವಾಗುವಾಗ ಒಂದು ಪುಟ್ಟ ಉಂಗುರ ಕಾಣಿಸಿ ಪೆನ್ ತಡವರಿಸಿದರೆ ಅದು ವಿಂಡೋಸಿನ ಪ್ರೆಸ್ ಅಂಡ್ ಹೋಲ್ಡ್, ಅದನ್ನು ಆಫ್ ಮಾಡಬೇಕು. ಒತ್ತಡವೇ ಸಿಗದಿದ್ದರೆ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗಿನಲ್ಲಿ ಪೆನ್ನಿನ ಮಾತು ಓದುವ ಎರಡು ದಾರಿಗಳಾದ ವಿನ್‌ಟ್ಯಾಬ್, ವಿಂಡೋಸ್ ಇಂಕ್ ಎರಡನ್ನೂ ಬದಲಿಸಿ ನೋಡಿ, ಪ್ರತಿ ಸಲ ಪ್ರೋಗ್ರಾಮ್ ಮುಚ್ಚಿ ತೆರೆಯಬೇಕು. ಅಲ್ಲೇ ಒತ್ತಡದ ಕರ್ವ್ ಕೂಡ ಉಂಟು, ಎಷ್ಟು ಒತ್ತಿದರೆ ಗೆರೆ ಎಷ್ಟು ದಪ್ಪ ಎಂದು ಹೇಳುವ ಬಾಗುಗೆರೆ. ಭಾರದ ಕೈಯವರು ಅದನ್ನು ಕೆಳಕ್ಕೆ ಬಾಗಿಸಬೇಕು, ಹಗುರ ಕೈಯವರು ಮೇಲಕ್ಕೆ. ಕ್ರಿಟಾ ಉಚಿತ, ದುಡ್ಡು ಕೊಟ್ಟ ಸಾಫ್ಟ್‌ವೇರಿನಲ್ಲಿ ಮಾಡುವ ಹುಲಿಯನ್ನು ಇದರಲ್ಲೂ ಪೂರ್ತಿ ಮಾಡಬಹುದು.

ಬ್ಯಾನರಿನ ವಿಷಯಕ್ಕೆ ಬಂದರೆ ಟ್ಯಾಬ್ಲೆಟ್ಟಿಗಿಂತ ರ್‍ಯಾಮ್ ಮುಖ್ಯ. 20 ಅಡಿ ಅಗಲ, 10 ಅಡಿ ಎತ್ತರದ ಫ್ಲೆಕ್ಸನ್ನು ಪೂರ್ತಿ ಅಳತೆಯಲ್ಲಿ 72 ಡಿಪಿಐಗೆ (ಇಂಚಿಗೆ 72 ಚುಕ್ಕೆ) ತೆರೆದರೆ 17280 × 8640 ಪಿಕ್ಸೆಲ್, ತುಂಬಿದ ಒಂದು ಲೇಯರಿಗೇ (ಒಂದರ ಮೇಲೊಂದು ಇಡುವ ಚಿತ್ರದ ಪದರ) ಸುಮಾರು 600 ಎಂಬಿ. ಇಪ್ಪತ್ತು ಲೇಯರ್ ಆಗುವಾಗ ಎಂಥ ಕಂಪ್ಯೂಟರೂ ಏದುಸಿರು ಬಿಡುತ್ತದೆ, ಬ್ರಷ್ ಕೈಗಿಂತ ಒಂದು ಸೆಕೆಂಡ್ ಹಿಂದೆ ಬರುತ್ತದೆ, ಬೈಗುಳ ಟ್ಯಾಬ್ಲೆಟ್ಟಿಗೆ. ಕಾಲು ಅಳತೆಯಲ್ಲಿ, ಅಂದರೆ 60 × 30 ಇಂಚಿಗೆ 150 ಡಿಪಿಐ ಇಟ್ಟರೆ 9000 × 4500 ಪಿಕ್ಸೆಲ್ ಸಾಕು. ರಸ್ತೆಯಾಚೆಯಿಂದ ನೋಡುವ ಬ್ಯಾನರಿಗೆ ಅದಕ್ಕಿಂತ ಹೆಚ್ಚು ಬೇಡ. ಕೈಯಲ್ಲಿ ಹಿಡಿದು ನೋಡುವ ಆಮಂತ್ರಣವಾದರೆ ಮಾತ್ರ 300 ಡಿಪಿಐ, ಎ4ಗೆ 2480 × 3508.

ಬಣ್ಣದ ತಕರಾರಿಗೂ ದುಬಾರಿ ಪರದೆಯಲ್ಲಿ ಪೂರ್ತಿ ಉತ್ತರವಿಲ್ಲ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ಶಾಯಿಯಿಂದ. ಪರದೆಯ ಹೊಳೆಯುವ ಕೇಸರಿ, ಗಿಳಿಹಸಿರು ಸಿಎಂವೈಕೆಗೆ, ಅಂದರೆ ಪ್ರೆಸ್ಸಿನ ನಾಲ್ಕು ಶಾಯಿಗಳಿಗೆ, ಹೋದಾಗ ಮಂಕಾಗುತ್ತವೆ. ಪ್ರೆಸ್ಸಿನವರಿಂದ ಅವರ ಬಣ್ಣದ ಪ್ರೊಫೈಲ್ ಫೈಲು ಕೇಳಿ ತಂದು, ಶುರುವಿನಿಂದಲೇ ಸಾಫ್ಟ್ ಪ್ರೂಫ್ (ಅಚ್ಚಾದಾಗ ಹೇಗೆ ಕಾಣುತ್ತದೆಂದು ಪರದೆಯಲ್ಲೇ ತೋರಿಸುವುದು) ಹಾಕಿಕೊಂಡು ಬಣ್ಣ ತುಂಬುವುದು ಒಳ್ಳೆಯದು. ಕಪ್ಪು ಅಕ್ಷರಗಳನ್ನು ಕೆ 100ರಲ್ಲಿ, ಅಂದರೆ ಬರೀ ಕಪ್ಪು ಶಾಯಿಯಲ್ಲಿ ಮಾತ್ರ ಇಡಿ. ನಾಲ್ಕೂ ಶಾಯಿ ಸೇರಿಸಿದ ಕಪ್ಪಿನಲ್ಲಿ ಪ್ಲೇಟ್ ಒಂದು ಕೂದಲೆಳೆ ಜರುಗಿದರೂ ಒತ್ತಕ್ಷರಗಳ ಅಂಚಿಗೆ ಕೆಂಪು, ನೀಲಿ ನೆರಳು ಬರುತ್ತದೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಹಾಕಿದಾಗ ಒತ್ತಕ್ಷರ ಒಡೆದು ಬಂದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ 'ವರ್ಲ್ಡ್ ರೆಡಿ ಲೇಔಟ್' ಆರಿಸಿ.

ಹಾಗಾದರೆ ಲಕ್ಷ ರೂಪಾಯಿ ಯಾಕೆ? ದಿನಕ್ಕೆ 6 ಗಂಟೆ, ವಾರಕ್ಕೆ 5 ದಿನ, 4 ವರ್ಷ ದುಡಿದರೆ 6240 ಗಂಟೆ. ಗಂಟೆಗೆ 16 ರೂಪಾಯಿ ಬಿದ್ದಂತಾಯಿತು. ಆ 16 ರೂಪಾಯಿಗೆ ಸಿಗುವುದು ನಂಬಬಹುದಾದ ಬಣ್ಣ, ನಡುಗದ ಪೆನ್ನು, ಗಾಜಿಗೂ ಚಿತ್ರಕ್ಕೂ ನಡುವೆ ಅಂತರ ಕಾಣದ ಪರದೆ, ದಣಿಯದ ಮಣಿಕಟ್ಟು. ದಿನವಿಡೀ ಇದರಲ್ಲೇ ಹೊಟ್ಟೆ ಹೊರೆಯುವವರಿಗೆ ಇದು ಶೋಕಿಯಲ್ಲ. ವಾರಕ್ಕೆರಡು ಗಂಟೆ ಬಿಡಿಸುವವರಿಗೆ ಬೇಡವೇ ಬೇಡ. ಮತ್ತೆ ಚಿತ್ರಕ್ಕೆ ಕೇಳುವ ಹಣ ಈ 16 ರೂಪಾಯಿಯದ್ದಲ್ಲ. ಹುಲಿಯ ನಿಲುವು ಹುಡುಕಲು ಹಾಕಿದ ಹತ್ತು ಕಚ್ಚಾ ಸ್ಕೆಚ್, ಗೆರೆ, ಬಣ್ಣ, ನೆರಳು, ಅಕ್ಷರ, ಪ್ರೆಸ್ಸಿನ ಫೈಲು, ಮೂರು ಸಲದ ತಿದ್ದುಪಡಿ, ಎಲ್ಲ ಸೇರಿ ಎರಡು ಮೂರು ದಿನದ ಕೆಲಸದ್ದು.

ನಮ್ಮ ಕರಾವಳಿಯ ಹವೆಗೆ ಒಂದಷ್ಟು ಜಾಗ್ರತೆ ಬೇಕು. ಏಪ್ರಿಲ್, ಮೇ ತಿಂಗಳ ಬೆವರಿಗೆ ಅಂಗೈ ಪರದೆಗೆ ಅಂಟಿ ಗೆರೆ ಮುಗ್ಗರಿಸುತ್ತದೆ. ಕಿರುಬೆರಳು, ಉಂಗುರ ಬೆರಳು ಮಾತ್ರ ಮುಚ್ಚುವ ಗ್ಲೌಸ್ ಹಾಕಿ, ಎರಡು ಇಟ್ಟುಕೊಂಡು ದಿನಾ ಒಂದನ್ನು ಒಗೆಯಿರಿ. ಪೌಡರ್ ಹಾಕಬೇಡಿ, ಅದು ನಿಬ್ಬಿನ ಸಂದಿಗೆ ಹೋಗುತ್ತದೆ. ಮೊದಲ ಮಳೆಯ ಗುಡುಗು ಕೇಳಿದ ಕೂಡಲೇ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಮಳೆಗಾಲದಲ್ಲಿ ಬಳಸದ ಸಾಧನವನ್ನು ಸಿಲಿಕಾ ಜೆಲ್ ಹಾಕಿದ ಮುಚ್ಚುವ ಡಬ್ಬಿಯಲ್ಲಿಡಿ. ನಿಬ್ಬಿನ ತುದಿ ಒಂದೇ ಕಡೆ ಸವೆದು ಉಳಿಯಂತೆ ಚೂಪಾಗಿದ್ದರೆ ಅದು ಪರದೆಯ ಫಿಲ್ಮನ್ನು ಗೀರುತ್ತದೆ, ಅವತ್ತೇ ಬದಲಿಸಿ. ಪೆನ್ನನ್ನು ನಿಬ್ ಕೆಳಗಾಗಿ ಲೋಟದಲ್ಲಿ ನಿಲ್ಲಿಸಬೇಡಿ. ಅದರ ತೂಕ ರಾತ್ರಿಯಿಡೀ ಸೆನ್ಸರನ್ನು ಒತ್ತುತ್ತಾ ಇದ್ದರೆ, ಕೆಲವು ತಿಂಗಳಲ್ಲಿ ಪೆನ್ ಪರದೆಯನ್ನು ಮುಟ್ಟದಿದ್ದರೂ ಗೆರೆ ಬೀಳಲು ಶುರುವಾಗಬಹುದು.