ಅಡುಗೆಮನೆಯಲ್ಲಿ ಹೊಡೆಯೋದು, ಮೇಲಿನ ರೂಮಿನಲ್ಲಿ ಸಾಕೋದು

ಜಿರಳೆ ಸಾಕಿದ್ದೀನಿ ಅಂದರೆ ಎಲ್ಲರೂ ಕೇಳೋದು ಒಂದೇ: “ಯಾಕೆ, ಮನೇಲಿ ಇರೋವು ಸಾಲದಾ?”

ಸಾಲದು. ಜಗತ್ತಿನಲ್ಲಿ 4,500ಕ್ಕೂ ಹೆಚ್ಚು ಜಾತಿಯ ಜಿರಳೆಗಳಿವೆ. ನಮ್ಮ ಸಿಂಕಿನ ಕೆಳಗೆ ಓಡಾಡೋವು ಅದರಲ್ಲಿ ಬೆರಳೆಣಿಕೆಯಷ್ಟು. ಮೋರಿಯಿಂದ ಪೈಪು ಹಿಡಿದು ಬರೋ ಕೆಂಪು ದಾಂಡಿಗ ಅಮೆರಿಕನ್ ಜಿರಳೆ, ಮಿಕ್ಸಿಯ ತಳದಲ್ಲಿ ಸಂಸಾರ ಹೂಡೋ ಚಿಕ್ಕದು ಜರ್ಮನ್ ಜಿರಳೆ. ಇವೆರಡಕ್ಕೂ ಬೆಂಗಳೂರಿನ ಗಿರಿನಗರದ ನಮ್ಮ ಮನೆಯಲ್ಲೂ ಜಾಗ ಇಲ್ಲ. ಅತ್ತೆ ಧಾರಾಳವಾಗಿ ಲಕ್ಷ್ಮಣರೇಖೆ ಎಳೀತಾರೆ, ನಾನು ಬೇಡ ಅನ್ನೋದಿಲ್ಲ. ಆ ಸೀಮೆಸುಣ್ಣ ಮುಟ್ಟಿದ ಕೈಯಲ್ಲಿ ನನ್ನ ಡಬ್ಬಗಳನ್ನು ಮುಟ್ಟಬಾರದು, ಅಷ್ಟೇ ನಮ್ಮ ಒಪ್ಪಂದ.

ಡಬ್ಬಗಳಿರೋದು ಮಹಡಿ ಮೇಲಿನ ರೂಮಿನಲ್ಲಿ. ಮೊದಲನೆಯದರಲ್ಲಿ ಡುಬಿಯಾ ಅನ್ನೋ ಜಿರಳೆ, ದಕ್ಷಿಣ ಅಮೆರಿಕದ್ದು. ಅರೋವಾನಾ ಮೀನು ಸಾಕೋರಿಗೆ ಇದು ಬರೀ ಮೇವು. ನುಣುಪಾದ ಪ್ಲಾಸ್ಟಿಕ್ ಹತ್ತೋಕೆ ಬರಲ್ಲ, ಹಾಗಾಗಿ ತಪ್ಪಿಸಿಕೊಳ್ಳೋ ಭಯ ಕಡಿಮೆ. ಮೊಟ್ಟೆ ಅಂಗಡಿಯ ರಟ್ಟಿನ ಟ್ರೇಗಳನ್ನು ನೆಟ್ಟಗೆ ನಿಲ್ಲಿಸಿದರೆ ಅದೇ ಅವುಗಳ ಅಪಾರ್ಟ್‌ಮೆಂಟು. ಆದರೆ ಮರಿ ಹಾಕೋಕೆ 28–32 ಡಿಗ್ರಿ ಸೆಕೆ ಬೇಕು. ನಮ್ಮೂರಿನ ಡಿಸೆಂಬರ್ ರಾತ್ರಿಗೆ ಹೀಟ್ ಮ್ಯಾಟ್ ಇಲ್ಲದಿದ್ದರೆ ಸುಮ್ಮನೆ ಕೂತುಬಿಡುತ್ತವೆ.

ಎರಡನೆಯದು ಮಡಗಾಸ್ಕರ್‌ನ ಬುಸುಗುಟ್ಟೋ ಜಿರಳೆ. ರೆಕ್ಕೆ ಇಲ್ಲ, ಬೆಳೆದರೆ ಮೂರು ಇಂಚಿನ ಹತ್ತಿರ. ಬುಸ್ ಅನ್ನೋದು ಬಾಯಿಂದಲ್ಲ, ಹೊಟ್ಟೆಯ ಪಕ್ಕದ ಉಸಿರುರಂಧ್ರದಿಂದ ಗಾಳಿ ನೂಕಿ. ಗಂಡಿಗೆ ಕತ್ತಿನ ಕವಚದ ಮೇಲೆ ಎರಡು ಗುಬುಟು, ಅದರಲ್ಲೇ ಒಂದಕ್ಕೊಂದು ಡಿಕ್ಕಿ ಹೊಡೆದು ಕಾದಾಡುತ್ತವೆ. ಇವು ಗಾಜನ್ನೂ ಸಲೀಸಾಗಿ ಹತ್ತುತ್ತವೆ, ಅದಕ್ಕೆ ಡಬ್ಬದ ಅಂಚಿಗೆ ಒಳಗಿನಿಂದ ಎರಡು ಬೆರಳಗಲ ವ್ಯಾಸಲೀನ್. ಹೆಣ್ಣು ಮೊಟ್ಟೆಯ ಕೋಶವನ್ನು ಹೊಟ್ಟೆಯೊಳಗೇ ಇಟ್ಟುಕೊಂಡು, ಸುಮಾರು ಎರಡು ತಿಂಗಳಿಗೆ ಜೀವಂತ ಮರಿ ಹಾಕುತ್ತದೆ. ಪೊರೆ ಬಿಟ್ಟ ಹೊಸದರಲ್ಲಿ ಅಚ್ಚ ಬಿಳಿ. ಒಂದು ಸಲ ಅದನ್ನು ನೋಡಿ ಅತ್ತೆ, “ಏನೇ, ತೊನ್ನು ಬಂದಿದೆ ಇದಕ್ಕೆ!” ಅಂದರು. ಸಂಜೆಯ ಹೊತ್ತಿಗೆ ಬಣ್ಣ ತುಂಬಿಕೊಂಡಿತ್ತು.

ನನ್ನ ಪಕ್ಷಪಾತ ಇರೋದು ಮಾತ್ರ ಮೂರನೇ ಡಬ್ಬದ ಮೇಲೆ. ಡಾಮಿನೋ ಜಿರಳೆ, ದಕ್ಷಿಣ ಭಾರತದ ಕುರುಚಲು ಕಾಡಿನದು. ಜೀವಿಗಳಿಗೆ ವೈಜ್ಞಾನಿಕ ಹೆಸರಿಡೋ ಪದ್ಧತಿ ತಂದ ಲಿನೇಯಸ್ 1758ರಲ್ಲೇ ಹೆಸರಿಟ್ಟ ಹುಳು. ಕನಕಪುರ ರಸ್ತೆ ಕಡೆ ಗೆಳತಿಯ ತೋಟದ ಬೇಲಿ ಪಕ್ಕ, ತರಗೆಲೆ ಕೆದಕಿದಾಗ ಸಿಕ್ಕಿತು. ಕಪ್ಪು ಮೈ, ಎಡ ರೆಕ್ಕೆಯಲ್ಲಿ ನಾಲ್ಕು ಬಿಳಿ ಚುಕ್ಕೆ, ಬಲ ರೆಕ್ಕೆಯಲ್ಲಿ ಮೂರು. ಎಡದ್ದು ಬಲದ ಮೇಲೆ ಮುಚ್ಚಿಕೊಳ್ಳೋದರಿಂದ ಆ ಜಾಗದಲ್ಲಿ ನಾಲ್ಕನೆಯದು ಬೇಕಿಲ್ಲ! ನಮ್ಮ ಕಡೆಯೇ ಆರು ಬಿಳಿ ಚುಕ್ಕೆಯ ಒಂದು ನೆಲದ ದುಂಬಿ ಇದೆ, ಮುಟ್ಟಿದರೆ ಉರಿಯೋ ಆಮ್ಲ ಚಿಮ್ಮಿಸುತ್ತದೆ. ಅದರ ವೇಷ ಹಾಕಿಕೊಂಡು ಹಕ್ಕಿ ಹಲ್ಲಿಗಳಿಂದ ಬಚಾವಾಗುತ್ತದೆ ಅನ್ನೋದು ತಜ್ಞರ ವಿವರಣೆ.

ಮರಿಗಳು ಮಣ್ಣಿನೊಳಗೇ ಇರುತ್ತವೆ, ಹಾಗಾಗಿ ತಿಂಗಳುಗಟ್ಟಲೆ ಮಣ್ಣಿನ ಡಬ್ಬ ಸಾಕಿದ ಹಾಗೇ ಲೆಕ್ಕ. ಕೆಳಗೆ ಕೋಕೋಪೀಟು, ಅಂದರೆ ತೆಂಗಿನ ನಾರಿನ ಪುಡಿ, ಮೇಲೆ ಒಣ ಎಲೆ. ಒಂದು ಮೂಲೆ ತೇವ, ಉಳಿದದ್ದು ಒಣಗಿರಬೇಕು. ಎಲೆಯ ವಿಷಯದಲ್ಲಿ ಹುಷಾರು. ನಮ್ಮ ಬೀದಿ ತುಂಬ ಹೊಂಗೆ ಎಲೆ ಬಿದ್ದಿರುತ್ತೆ, ಒಂದನ್ನೂ ತರಲ್ಲ. ಹೊಂಗೆ, ಬೇವು ಎರಡೂ ಹುಳಕ್ಕಾಗದವು. ಹಲಸು, ಸೀಬೆ ಎಲೆ ಒಳ್ಳೇದು. ಊಟಕ್ಕೆ ಬಾಳೆಹಣ್ಣು, ಸಿಪ್ಪೆ ಹೆರೆದ ಕ್ಯಾರೆಟ್ಟು. ಮಾರ್ಕೆಟ್ಟಿನ ತರಕಾರಿಗೆ ಏನು ಹೊಡೆದಿರುತ್ತಾರೋ, ನಾವು ತಿಂದು ಬದುಕಿದರೂ ಇವು ಬದುಕಲ್ಲ. “ಜನ ದುಡ್ಡು ಕೊಟ್ಟು ಹಿಟ್ ಹೊಡೀತಾರೆ, ನಮ್ಮನೇಲಿ ಜಿರಳೆಗೆ ಕೋಸಂಬರಿ,” ಅಂತಾರೆ ಅತ್ತೆ.

ಬೆಂಗಳೂರಿನಲ್ಲಿ ಜಿರಳೆ ಸಾಕೋರಿಗೆ ನಿಜವಾದ ತಲೆನೋವು ಡೆಂಗಿ ಕಾಲದ ಸೊಳ್ಳೆ ಹೊಗೆ. ಬೀದಿ ತುದಿಯಲ್ಲಿ ಆ ಮಿಷಿನ್ನಿನ ಗುರ್ರ್ ಕೇಳಿದರೆ ಕೈಯಲ್ಲಿದ್ದ ಲೆಡ್ಜರ್ ಬಿಟ್ಟು ಮೇಲಕ್ಕೆ ಓಡಬೇಕು: ಕಿಟಕಿ ಹಾಕಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ. ಹೊಗೆಗೆ ಸೊಳ್ಳೆ ಯಾವುದು, ಡಾಮಿನೋ ಯಾವುದು ಅಂತ ಗೊತ್ತಾಗುತ್ತಾ?

ಶುರು ಮಾಡೋರು ಡುಬಿಯಾದಿಂದ ಶುರು ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪಲ್ಲ. ಹೀಟರು, ಕರೆಂಟು ಬಿಲ್ಲು, ಪರದೇಶದ ಹುಳು ಅಕಸ್ಮಾತ್ ಹೊರಗೆ ಹೋದರೆ ಏನಾಗುತ್ತೋ ಅನ್ನೋ ಆತಂಕ, ಯಾಕೆ ಅದೆಲ್ಲ? ಡಾಮಿನೋಗೆ ನಮ್ಮ ಹವೆಯೇ ಸಾಕು. ನಿಧಾನ, ಅದೊಂದು ನಿಜ. ಈ ಸಲ ಮರಿ ಹೆಚ್ಚಾದರೆ ಕೊಡ್ತೀನಿ, ಮುಚ್ಚಳಕ್ಕೆ ಸ್ಟೀಲ್ ಜಾಲರಿ ಹಾಕಿದ ಡಬ್ಬ ನೀವೇ ತನ್ನಿ. ಮೀನಿಗೆ ತಿನ್ನಿಸೋಕೆ ಅಂತ ಕೇಳೋರಿಗೆ ಡುಬಿಯಾ ಮಾತ್ರ.