ಗಿಟಾರ್ ಆಂಪ್‌ಗೆ ಭಾರ ಬಂದ ಭಾನುವಾರ

ನನ್ನ ಹತ್ತಿರ ಇರುವುದು 15 ವ್ಯಾಟ್‌ನ ಒಂದು ಟ್ಯೂಬ್ ಆಂಪ್, ಅಂದರೆ ಗಾಜಿನ ಟ್ಯೂಬ್‌ಗಳಿಂದ ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಒಳಗೆ ಮೊದಲ ಹಂತಗಳಿಗೆ ಎರಡು 12ಎಎಕ್ಸ್7 ಟ್ಯೂಬ್, ಕೊನೆಗೆ ಸ್ಪೀಕರ್ ಓಡಿಸಲು ಎರಡು ಇಎಲ್84 ಟ್ಯೂಬ್, ಒಂದು 12 ಇಂಚಿನ ಸ್ಪೀಕರ್, ಅಷ್ಟೇ. 15 ವ್ಯಾಟ್ ಅಂದರೆ ಏನೂ ಅಲ್ಲ ಅನ್ನಿಸಬಹುದು. ಆದರೆ ನಮ್ಮ ಪ್ರಾಕ್ಟೀಸ್ ನಡೆಯುವುದು ದಾವಣಗೆರೆ ಮಂಡಿಪೇಟೆಯಲ್ಲಿ, ಡ್ರಮ್ಮರ್ ಮನೆಯವರ ಅಂಗಡಿ ಮೇಲಿನ ಖಾಲಿ ರೂಮಿನಲ್ಲಿ. ಅಲ್ಲಿ ವಾಲ್ಯೂಮ್ ಅರ್ಧ ದಾಟಿದರೆ ಸಾಕು, ಬೀದಿಯಲ್ಲಿ ಹೋಗುವವರು ತಲೆ ಎತ್ತಿ ನೋಡುತ್ತಾರೆ. ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತಾರೆ ಅನ್ನುವುದೇ ನಮ್ಮ ಪುಣ್ಯ.

ಕ್ಲೀನ್ ಆಗಿ, ಸದ್ದು ಒಡೆಯದ ಹಾಗೆ ನುಡಿಸಿದರೆ ಈ ಆಂಪ್‌ಗೆ ಹೆಸರಿಡುವ ಹಾಗಿಲ್ಲ. ಗೇನ್, ಅಂದರೆ ಸದ್ದನ್ನು ಒಡೆಯುವಷ್ಟು ಉಬ್ಬಿಸುವ ನಾಬ್, ಏರಿಸಿದಾಗಲೇ ತಕರಾರು. ಮೆಟಲ್, ಅಂದರೆ ಭಾರದ ರಾಕ್ ಸಂಗೀತ, ನುಡಿಸುವ ನಮಗೆ ಬೇಕಿದ್ದದ್ದು ನಿಧಾನಕ್ಕೆ ಎಳೆಯುವ, ದಪ್ಪನೆಯ, ಕತ್ತಲೆ ಕತ್ತಲೆ ಅನ್ನಿಸುವ ಸದ್ದು. ಸಿಗುತ್ತಿದ್ದದ್ದು ತಗಡಿನ ಮೇಲೆ ಮೊಳೆ ಎಳೆದ ಹಾಗಿನ ಕೀಚಲು. "ಅಣ್ಣಾ, ನಿನ್ನ ಗಿಟಾರ್ ಕೇಳಿದ್ರೆ ಹಲ್ಲು ಜುಮ್ ಅಂತಾವೆ" ಅಂದ ಬೇಸ್ ಗಿಟಾರ್ ನುಡಿಸುವ ಹುಡುಗ. ಅವನು ಸುಮ್ಸುಮ್ನೆ ಹೇಳುವವನಲ್ಲ.

ಇಂಥ ಹೊತ್ತಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ. ಬೇಸ್ (ತಗ್ಗಿನ ಸ್ವರದ ನಾಬ್) ಪೂರ್ತಿ, ಗೇನ್ ಪೂರ್ತಿ, ಟ್ರೆಬಲ್ (ಮೇಲಿನ ಸ್ವರದ್ದು) ಸೊನ್ನೆ. ಆ ಭಾನುವಾರ ಬೆಳಿಗ್ಗೆ ಡ್ರಮ್ಮರ್ ಹಠ ಹಿಡಿದು ಹಾಗೇ ಇಡಿಸಿದ. ಒಬ್ಬನೇ ನುಡಿಸಿದಾಗ ರೂಮೇ ನಡುಗಿತು. ಡ್ರಮ್, ಬೇಸ್ ಗಿಟಾರ್ ಸೇರಿದ ಕೂಡಲೇ ಗಿಟಾರ್ ಎಲ್ಲಿ ಹೋಯಿತು ಅಂತಲೇ ಗೊತ್ತಾಗಲಿಲ್ಲ. ರಿಫ್‌ನ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿನ) ಒಂದು ಪೆಟ್ಟು ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತಿತ್ತು.

ಇದಕ್ಕೆ ಕಾರಣ ಇದೆ. ನನ್ನ ಆಂಪಿನಲ್ಲಿ ಬೇಸ್, ಮಿಡ್ (ನಡುವಿನ ಸ್ವರದ್ದು), ಟ್ರೆಬಲ್ ನಾಬ್‌ಗಳು ಮೊದಲ ಟ್ಯೂಬ್ ಹಂತ ದಾಟಿದ ಕೂಡಲೇ ಬರುತ್ತವೆ, ಫೆಂಡರ್ ಕಂಪನಿಯ ಅನೇಕ ಹಳೆ ಆಂಪ್‌ಗಳ ಹಾಗೆ. ಸದ್ದು ಒಡೆಯುವುದು ಅಂದರೆ ಡಿಸ್ಟಾರ್ಷನ್ ಆಗುವುದು ಅದರ ಮುಂದಿನ ಹಂತಗಳಲ್ಲಿ. ಹಾಗಾಗಿ ಬೇಸ್ ತಿರುಗಿಸಿದಷ್ಟೂ ಮುಂದಿನ ಟ್ಯೂಬಿಗೆ ತಗ್ಗಿನ ಸ್ವರವೇ ಜಾಸ್ತಿ ನುಗ್ಗುತ್ತದೆ. ಅದೇ ಮೊದಲು ಒಡೆದು, ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಮಾರ್ಷಲ್ ಮಾದರಿಯ ಆಂಪ್‌ಗಳಲ್ಲಿ ಈ ನಾಬ್‌ಗಳು ಪ್ರೀಆಂಪಿನ (ಆಂಪಿನ ಮೊದಲ ಭಾಗದ) ಗೇನ್ ಹಂತಗಳೆಲ್ಲ ಮುಗಿದ ಮೇಲೆ ಇರುತ್ತವೆ, ಅಲ್ಲಿ ಬೇಸ್ ಏರಿಸಿದರೆ ಇಷ್ಟು ರಾಡಿ ಆಗಲ್ಲ.

ಇಲ್ಲಿ ಟೋನಿ ಅಯೋಮಿಯ ವಿಷಯ ಹೇಳಲೇಬೇಕು. ಮೆಟಲ್‌ಗೆ ಹೆಸರಾದ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರ್ ವಾದಕ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನವನು. 17ನೇ ವಯಸ್ಸಿನಲ್ಲಿ ತಗಡು ಫ್ಯಾಕ್ಟರಿಯ ಮಷೀನಿಗೆ ಬಲಗೈಯ ಎರಡು ಬೆರಳ ತುದಿ ಕಳಕೊಂಡ. ಅವನು ಎಡಚ, ತಂತಿ ಒತ್ತುವ ಕೈಯೇ ಅದು. ಬೆರಳಿಗೆ ತಾನೇ ಟೋಪಿ ಮಾಡಿ ಹಾಕಿಕೊಂಡು, ತೆಳು ತಂತಿ ಕಟ್ಟಿ, 1971ರ ಹೊತ್ತಿಗೆ ಶ್ರುತಿಯನ್ನು ಮೂರು ಅರ್ಧ ಸ್ವರ ಕೆಳಗಿಳಿಸಿದ. ಮಿಲ್ಲು ಕಂಡ ಊರಿನವರಾದ ನಮಗೆ ಈ ಕತೆ ಬೇರೆ ಥರ ತಟ್ಟುತ್ತದೆ, ಅದಿರಲಿ. ನನಗೆ ಮುಖ್ಯ ಆಗಿದ್ದು ಇನ್ನೊಂದು ಸಂಗತಿ. ಅಷ್ಟು ಭಾರದ ಸದ್ದು ತೆಗೆದ ಈ ಮನುಷ್ಯ ಲೇನಿ ಆಂಪಿಗೆ ಸದ್ದು ಹೋಗುವ ಮೊದಲೇ ಇಟ್ಟುಕೊಂಡಿದ್ದದ್ದು ಟ್ರೆಬಲ್ ಬೂಸ್ಟರ್, ಅಂದರೆ ಮೇಲಿನ ಸ್ವರ ಏರಿಸುವ ಡಬ್ಬಿ! ಬೇಸ್ ಬೂಸ್ಟರ್ ಅಲ್ಲ. ತಗ್ಗಿನ ಸ್ವರವನ್ನು ಹಿಂದೆ ಬಿಟ್ಟು ಮೇಲಿನದನ್ನೇ ಟ್ಯೂಬಿಗೆ ದಬ್ಬಿದರೆ ಒಡೆಯುವ ಸದ್ದು ಬಿಗಿಯಾಗಿ ಬರುತ್ತದೆ. ದಪ್ಪ ಮಾಡುವ ಕೆಲಸ ಆಮೇಲೆ, ಸ್ಪೀಕರ್ ಕಡೆ.

ಸರಿ ಅಂತ ನನ್ನ ಏಳು ಬ್ಯಾಂಡಿನ ಇಕ್ಯೂ ಪೆಡಲ್ (ಸದ್ದನ್ನು ಏಳು ಭಾಗ ಮಾಡಿ ಒಂದೊಂದನ್ನೂ ಏರಿಸಿ ಇಳಿಸುವ ಡಬ್ಬಿ) ಅನ್ನು ಗಿಟಾರ್ ಮತ್ತು ಆಂಪಿನ ನಡುವೆ ಇಟ್ಟೆ. 100 ಮತ್ತು 200 ಹರ್ಟ್ಜ್ ಕೆಳಗಿಳಿಸಿ, 800 ಸ್ವಲ್ಪ ಏರಿಸಿ, ಗೇನ್ ಅರ್ಧಕ್ಕೆ ತಂದೆ. ರಾಡಿ ಹೋಯಿತು. ಪಾಮ್ ಮ್ಯೂಟ್, ಅಂದರೆ ಅಂಗೈಯಿಂದ ತಂತಿ ಅದುಮಿ ಹೊಡೆದರೆ ಪ್ರತಿ ಪೆಟ್ಟೂ ಬೇರೆ ಬೇರೆ ಕೇಳಿಸಿತು. ಆದರೆ ಕೀಚಲು ಹಾಗೇ ಇತ್ತು. ಟ್ರೆಬಲ್ ಸೊನ್ನೆಗೆ ಇಳಿಸಿದರೂ ಕಿವಿಗೆ ಚುಚ್ಚುತ್ತಿತ್ತು, ಅದೂ ಗೇನ್ ಕಡಿಮೆ ಮಾಡಿದಷ್ಟೂ ಜಾಸ್ತಿ. ಇದು ನಾಬ್‌ಗೆ ಬಗ್ಗುವ ವಿಷಯ ಅಲ್ಲ, ಒಳಗೇ ಏನೋ ಇದೆ ಅನ್ನಿಸಿತು.

ಆಂಪ್ ಹೊತ್ತುಕೊಂಡು ಚೌಕಿಪೇಟೆ ಕಡೆ ಹೋದೆವು. ಅಲ್ಲೊಬ್ಬರು ರೇಡಿಯೊ ರಿಪೇರಿ ಮಾಡುವ ಕಾಕಾ ಇದ್ದಾರೆ. ವಾಲ್ವ್ ರೇಡಿಯೊ, ಜಾತ್ರೆಗೆ ಮದುವೆಗೆ ಹೋಗುತ್ತಿದ್ದ ಹಳೆ ಮೈಕ್‌ಸೆಟ್ ಆಂಪ್ಲಿಫೈಯರ್ ಎಲ್ಲ ಅವರ ಕೈಯಲ್ಲಿ ಓಡಾಡಿವೆ. ನಾವು ಟ್ಯೂಬ್ ಅಂದರೆ ಅವರು ವಾಲ್ವ್ ಅನ್ನುತ್ತಾರೆ. ಭಾನುವಾರ ಅರ್ಧ ಶಟರ್ ಎಳೆದು ಕೂತಿದ್ದರು. ಮೊದಲು ನುಡಿಸಿ ತೋರಿಸು ಅಂದರು. ನುಡಿಸಿದೆ.

"ತಮ್ಮಾ, ಸ್ಪೀಕರ್ ಹರಿದೈತೇನು?"

"ಇಲ್ಲ ಕಾಕಾ, ಇದು ಹೀಗೇ ಬೇಕು. ಆದರೆ ಇಷ್ಟು ಚೂಪು ಬೇಡ."

"ಈ ಗರಗರ ತೆಗಿಯಾಕ ಜನ ನಮಗ ದುಡ್ಡು ಕೊಡ್ತಿದ್ರು. ನೀವು ಬೇಕು ಅಂತ ಕೇಳ್ತೀರಲ್ಲೋ" ಅಂತ ನಕ್ಕರು. ನಕ್ಕರೂ ಸ್ಕ್ರೂ ಬಿಚ್ಚಲು ಶುರು ಮಾಡಿದ್ದರು.

ಅವರು ಕೆಲಸ ಮಾಡುವ ರೀತಿಯನ್ನು ನೋಡುವುದೇ ಒಂದು ಪಾಠ. ಪ್ಲಗ್ ಕಿತ್ತು, ಮೊದಲು ದೊಡ್ಡ ಕೆಪಾಸಿಟರ್‌ಗಳನ್ನು ಒಂದು ರೆಸಿಸ್ಟರ್ ಮೂಲಕ ಖಾಲಿ ಮಾಡಿದರು, ಮೀಟರ್ ಇಟ್ಟು ಸೊನ್ನೆ ಆಯಿತಾ ಅಂತ ನೋಡಿದರು, ಆಮೇಲೇ ಬೆರಳು ಒಳಗೆ ಹೋಯಿತು. ಇಂಥ ಆಂಪ್ ಒಳಗೆ 300 ವೋಲ್ಟ್‌ಗೂ ಮೇಲೆ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ. ಲೈವ್ ಇದ್ದಾಗ ಅಳೆಯಬೇಕಾದರೆ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾರೆ, ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆ ದಾಟಿ ಹೋಗಬಾರದು ಅಂತ. ಗೊತ್ತಿಲ್ಲದವರು ದಯವಿಟ್ಟು ಮನೆಯಲ್ಲಿ ಬಿಚ್ಚಬೇಡಿ.

ಗೇನ್ ನಾಬ್‌ನ ಒಳಗಿನ ಬಿಡಿಭಾಗದ (ಪಾಟ್) ಬೆನ್ನ ಮೇಲೆ, ಅದರ ಎರಡು ಕಾಲಿಗೆ ಅಡ್ಡವಾಗಿ, ಒಂದು ಸಣ್ಣ ಕೆಪಾಸಿಟರ್ ಕೂತಿತ್ತು. 1000 ಪಿಕೊಫ್ಯಾರಡ್‌ನದು. ಬ್ರೈಟ್ ಕೆಪಾಸಿಟರ್ ಅನ್ನುತ್ತಾರೆ. ನಾಬ್ ಎಷ್ಟೇ ಇಳಿಸಿದರೂ ಮೇಲಿನ ಸ್ವರಗಳು ಇದರ ಮೂಲಕ ಪಕ್ಕದ ದಾರಿ ಹಿಡಿದು ಹೋಗಿಬಿಡುತ್ತವೆ. ನಾಬ್ ಪೂರ್ತಿ ಏರಿಸಿದರೆ ಇದಕ್ಕೆ ಕೆಲಸವೇ ಇಲ್ಲ. ಗೇನ್ ಇಳಿಸಿದಷ್ಟೂ ಕೀಚಲು ಯಾಕೆ ಜಾಸ್ತಿ ಆಗುತ್ತಿತ್ತು ಅಂತ ಈಗ ಅರ್ಥ ಆಯಿತಲ್ವಾ? ಕಾಕಾ ಅದರ ಒಂದು ಕಾಲಿನ ಸೋಲ್ಡರ್ ಬಿಡಿಸಿ, ಸ್ಲೀವ್ ಹಾಕಿ ಅಲ್ಲೇ ಬಿಟ್ಟರು. ಬೇಕಾದರೆ ವಾಪಸ್ ಹಾಕಬಹುದು.

ಆಮೇಲೆ ಅವರಿಗೇ ಹುರುಪು ಬಂತು. ಬಿಸ್ಕತ್ ಡಬ್ಬಿಯೊಂದನ್ನು ತೆಗೆದು ಅದರೊಳಗಿಂದ ಹಳೆಯ ಇಸಿಸಿ81 ಟ್ಯೂಬ್ ಒಂದನ್ನು ಹುಡುಕಿದರು. 12ಎಎಕ್ಸ್7ಗೆ ಯುರೋಪಿನ ಹೆಸರು ಇಸಿಸಿ83, ಇದು ಅದರ ಅಣ್ಣ ತಮ್ಮ ಅನ್ನಿ. ಪಿನ್‌ಗಳೆಲ್ಲ ಅದೇ, ಹೀಟರ್ ಅದೇ. ಆದರೆ 83ರ ಆಂಪ್ಲಿಫಿಕೇಶನ್ ಫ್ಯಾಕ್ಟರ್ (ಸದ್ದನ್ನು ಉಬ್ಬಿಸುವ ಶಕ್ತಿ) 100, 81ರದ್ದು 60. ಮೊದಲ ಸಾಕೆಟ್‌ಗೆ ಹಾಕಿ ನೋಡಿದೆವು. ಗೇನ್ ಇಳಿಯಿತು, ಜೊತೆಗೆ ನೊರೆನೊರೆ ಅನ್ನಿಸುವ ಪದರವೂ ಇಳಿಯಿತು. ನಾನು ಈಗಲೂ ಅದನ್ನೇ ಇಟ್ಟುಕೊಂಡಿದ್ದೇನೆ. ಮೆಟಲ್ ನುಡಿಸುವವರು ಗೇನ್ ಕಡಿಮೆ ಮಾಡುವುದಾ ಅಂತ ನಗಬೇಡಿ. ಗೇನ್ ಜಾಸ್ತಿ ಆದಷ್ಟೂ ಪೆಟ್ಟಿನ ಏರಿಳಿತ ಚಪ್ಪಟೆಯಾಗುತ್ತದೆ, ಪೆಟ್ಟು ಚಪ್ಪಟೆಯಾದರೆ ಭಾರ ಎಲ್ಲಿಂದ ಬರಬೇಕು?

ಮಧ್ಯಾಹ್ನ ಬೆಣ್ಣೆ ದೋಸೆ ಆಯಿತು. ಅದರ ಬಗ್ಗೆ ದಾವಣಗೆರೆಯವರು ಬರೆಯುವ ಅಗತ್ಯ ಇಲ್ಲ.

ಉಳಿದದ್ದು ಪೆಟ್ಟಿಗೆಯ ಹಿಂಭಾಗ. ಇಂಥ ಕಾಂಬೋ ಆಂಪ್‌ಗಳ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ ಇರುವಂಥವು) ಬೆನ್ನು ಸಾಮಾನ್ಯವಾಗಿ ತೆರೆದಿರುತ್ತದೆ. ಸ್ಪೀಕರಿನ ಮುಂದಿನಿಂದ ಬರುವ ತಗ್ಗಿನ ಸದ್ದನ್ನು ಹಿಂದಿನಿಂದ ಬರುವ ಉಲ್ಟಾ ಸದ್ದು ಒಂದಷ್ಟು ತಿಂದುಹಾಕುತ್ತದೆ. ಡ್ರಮ್ಮರ್ ಕೆಳಗಿನ ಅಂಗಡಿಯಿಂದ ಒಂದು ಪ್ಲೈವುಡ್ ತುಂಡು ತಂದ. ಬೆನ್ನಿನ ಕೆಳಭಾಗಕ್ಕೆ ಸ್ಕ್ರೂ ಹಾಕಿ ಕೂರಿಸಿದೆವು. ಟ್ಯೂಬ್‌ಗಳ ಶಾಖ ಹೋಗಬೇಕಲ್ಲ, ಅದಕ್ಕೆ ಮೇಲಿನ ಭಾಗ ಹಾಗೇ ಬಿಟ್ಟೆವು. ಪೂರ್ತಿ ಮುಚ್ಚಿದ ಕ್ಯಾಬಿನೆಟ್ ಆದರೆ ಇನ್ನೂ ಚೆನ್ನ. ಆಂಪನ್ನು ನೆಲದಿಂದ ಎತ್ತಿ ಕುರ್ಚಿ ಮೇಲೆ ಇಡುತ್ತಿದ್ದದ್ದನ್ನೂ ಬಿಟ್ಟು, ಗೋಡೆ ಮೂಲೆಗೆ ನೆಲದ ಮೇಲೇ ಇಟ್ಟೆವು. ಮೂಲೆ ಪುಕ್ಕಟೆಯಾಗಿ ಬೇಸ್ ಕೊಡುತ್ತದೆ.

ಶ್ರುತಿಯನ್ನು ಇ ಸ್ವರದಿಂದ ಡಿಗೆ ಇಳಿಸಿ, 10-46ರ ತಂತಿ ತೆಗೆದು ಇನ್ನೂ ದಪ್ಪದ 11-54 ಕಟ್ಟಿದೆ. ದಪ್ಪ ತಂತಿಯ ಸ್ವರ 82 ಹರ್ಟ್ಜ್‌ನಿಂದ 73ಕ್ಕೆ ಬಂತು. ನಿಜ ಹೇಳಬೇಕೆಂದರೆ ಗಿಟಾರ್ ಸ್ಪೀಕರ್‌ಗಳು ಅಷ್ಟು ಕೆಳಗೆ ಸರಿಯಾಗಿ ನುಡಿಯುವುದೇ ಇಲ್ಲ, 5000 ಹರ್ಟ್ಜ್ ದಾಟಿದರೆ ಮೇಲೂ ಇಲ್ಲ. ಭಾರ ಅಂತ ನಮಗೆ ಅನ್ನಿಸುವುದು ಅದರ ಮೇಲಿನ 150, 200ರ ಸುತ್ತಲಿನ ಸದ್ದು, ಜೊತೆಗೆ ಮಿಡ್. ಅದಕ್ಕೇ ಮಿಡ್ ಪೂರ್ತಿ ಕತ್ತರಿಸುವವರನ್ನು ಕಂಡರೆ ನನಗೆ ಆಗಲ್ಲ. ರೂಮಲ್ಲಿ ಒಬ್ಬರೇ ಕೂತಾಗ ಮಜಾ, ಬ್ಯಾಂಡಿನಲ್ಲಿ ಲೆಕ್ಕಕ್ಕಿಲ್ಲ. ಇನ್ನೊಂದು ಪುಕ್ಕಟೆ ಉಪಾಯ, ಉದ್ದದ ಕೇಬಲ್. ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಸೇರುತ್ತಾ ಹೋಗಿ, ಪಿಕಪ್‌ನ (ತಂತಿಯ ಕಂಪನ ಹಿಡಿಯುವ ಭಾಗದ) ತುದಿ ಮೊನಚು ತಾನಾಗಿ ಕಡಿಮೆ ಆಗುತ್ತದೆ.

ಸಂಜೆ ಪ್ರಾಕ್ಟೀಸ್ ಶುರು ಮಾಡಿದಾಗ ನಾಬ್‌ಗಳು ಹೀಗಿದ್ದವು. ಗೇನ್ ಅರ್ಧಕ್ಕಿಂತ ಸ್ವಲ್ಪ ಮೇಲೆ, ಬೇಸ್ 4, ಮಿಡ್ 6, ಟ್ರೆಬಲ್ 4. ನೋಡಿದವರು ಇದು ಬ್ಲೂಸ್ ಸೆಟ್ಟಿಂಗ್ ಅನ್ನಬಹುದು. ಮಾಸ್ಟರ್ (ಒಟ್ಟು ಸದ್ದಿನ ನಾಬ್) ಮಾತ್ರ ಆ ರೂಮ್ ತಡೆಯುವಷ್ಟು ಮೇಲೆ, ಯಾಕೆಂದರೆ ಇಎಲ್84ಗಳಿಗೂ ಸ್ವಲ್ಪ ಕೆಲಸ ಕೊಡಬೇಕು. ಮೊದಲ ರಿಫ್‌ಗೇ ಡ್ರಮ್ಮರ್ ತಾನಾಗಿ ತಾಳ ನಿಧಾನ ಮಾಡಿದ. ಈಗ ಗಿಟಾರಿನ ತಳ ಖಾಲಿ ಇದ್ದದ್ದರಿಂದ ಆ ಜಾಗಕ್ಕೆ ಬೇಸ್ ಗಿಟಾರ್ ಬಂದು ಕೂತಿತು, ಎರಡೂ ಸೇರಿ ಒಂದೇ ದೊಡ್ಡ ವಾದ್ಯ ಆಯಿತು. ಹಲ್ಲು ಜುಮ್ ಅನ್ನುತ್ತಿದ್ದ ಹುಡುಗ ಈಗ ಹೊಸ ರಾಗ ತೆಗೆದಿದ್ದಾನೆ, "ನಾನು ತಪ್ಪು ನುಡಿಸಿದ್ದೆಲ್ಲ ಕೇಳಿಸ್ತೈತಲ್ಲ ಅಣ್ಣಾ" ಅಂತ.