ದೆವ್ವ ಪ್ರಶ್ನೆ ಕೇಳಿದ ರಾತ್ರಿ

ನಮ್ಮ ಕಿರುಚಿತ್ರದ ಕಥೆ ತುಂಬಾ ಚಿಕ್ಕದು. ನಾಳೆ ಪರೀಕ್ಷೆ. ಒಬ್ಬ ಹುಡುಗ ರಾತ್ರಿಯಿಡೀ ಓದುತ್ತಾ ಕೂತಿದ್ದಾನೆ. ಲೈಟು ಮಿನುಗುತ್ತದೆ, ಬಾಗಿಲು ಕಿರುಗುಟ್ಟುತ್ತದೆ, ಮುಖದ ತುಂಬಾ ಕೂದಲು ಇಳಿಬಿಟ್ಟ ದೆವ್ವ ಬಂದು ಅವನ ಬೆನ್ನ ಹಿಂದೆ ನಿಲ್ಲುತ್ತದೆ. ಹುಡುಗ ತಿರುಗಿ ನೋಡುತ್ತಾನೆ. ಅವನಿಗೆ ದೆವ್ವಕ್ಕಿಂತ ಪರೀಕ್ಷೆಯ ಭಯವೇ ಜಾಸ್ತಿ. "ಅಕ್ಕಾ, ಹೇಗೂ ಬಂದಿದ್ದೀರಲ್ಲ, ಸ್ವಲ್ಪ ಪ್ರಶ್ನೆ ಕೇಳ್ತೀರಾ?" ಅಂತ ಪುಸ್ತಕವನ್ನು ಅವಳ ಕೈಗೆ ಕೊಡುತ್ತಾನೆ.

ಚಿತ್ರ ಏಳು ನಿಮಿಷದ್ದು. ನಾವು ಆರು ಜನ, ಎಲ್ಲರೂ ವಿದ್ಯಾರ್ಥಿಗಳೇ. ನಿರ್ದೇಶನ ಮತ್ತು ಎಡಿಟಿಂಗ್ ನನ್ನ ಪಾಲಿಗೆ ಬಂದಿತ್ತು. ಕೂಡಿಸಿದ ದುಡ್ಡು ಟ್ರೈಪಾಡ್ ಬಾಡಿಗೆ, ಒಂದು ಮೆಮೊರಿ ಕಾರ್ಡಿಗೇ ಮುಗಿದುಹೋಯಿತು. ಉಳಿದದ್ದೆಲ್ಲ ನಮ್ಮ ನಮ್ಮ ಮನೆಗಳಿಂದ ಬಂತು. ಒಂದು ಟೇಬಲ್ ಲ್ಯಾಂಪು, ಎರಡು ಟಾರ್ಚು, ಬಿಳಿ ಥರ್ಮಕೋಲ್ ಹಾಳೆ, ದೆವ್ವಕ್ಕೆ ಒಂದೇ ಒಂದು ಬಿಳಿ ನೈಟಿ. ಕೋಣೆ ಸಿಕ್ಕಿದ್ದು ಒಂದು ರಾತ್ರಿಗೆ ಮಾತ್ರ. ಪಟ್ಟಿಯಲ್ಲಿ 34 ಶಾಟ್ ಇದ್ದವು. ಕೋಣೆಗೆ ದೊಡ್ಡ ಕಿಟಕಿ ಬೇರೆ. ಬೆಳಕು ಹರಿಯುವುದರೊಳಗೆ ಎಲ್ಲ ಮುಗಿಯಬೇಕಿತ್ತು.

ನೈಟಿ ಒಂದೇ ಆಗಿದ್ದರಿಂದ ಶಾಟ್‌ಗಳ ಕ್ರಮವನ್ನು ಅದೇ ತೀರ್ಮಾನಿಸಿತು ಅನ್ನಬಹುದು. ದೆವ್ವ ಪ್ರಶ್ನೆ ಓದುವಾಗ ಅವಳ ಕೂದಲಿಂದ ಪುಸ್ತಕದ ಮೇಲೆ ರಕ್ತ ತೊಟ್ಟಿಕ್ಕುತ್ತದೆ. ಹುಡುಗ ಗಾಬರಿಯಾಗಿ "ಅಕ್ಕಾ, ಹುಷಾರು, ಲೈಬ್ರರಿ ಪುಸ್ತಕ" ಅನ್ನುತ್ತಾನೆ. ಒಮ್ಮೆ ಕಲೆ ಬಿತ್ತು ಅಂದರೆ ಬಟ್ಟೆಯೂ ಹೋಯಿತು, ಪುಸ್ತಕವೂ ಹೋಯಿತು. ಹಾಗಾಗಿ ಕಥೆಯ ನಡುವೆ ಬರುವ ರಕ್ತದ ಶಾಟ್ ಕಟ್ಟಕಡೆಗೆ, ಕಥೆಯ ಕೊನೆ ಎಲ್ಲಕ್ಕಿಂತ ಮೊದಲು. ಇನ್ನೂ ಹೆದರಿಯೇ ಇಲ್ಲದ ಹುಡುಗ ಹೆದರಿ ಸುಸ್ತಾದವನ ಹಾಗೆ ನಟಿಸಬೇಕಿತ್ತು. ಅವನು ಮೊದಲ ಶಾಟ್‌ಗೆ ಮುಂಚೆ ಮೆಟ್ಟಿಲು ಹತ್ತಿ ಇಳಿದು, ಹತ್ತಿ ಇಳಿದು, ಬೆವರಿಕೊಂಡೇ ಬಂದ.

ರಕ್ತವನ್ನು ನಾವೇ ಮಾಡಿದೆವು. ಗಟ್ಟಿ ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ. ಬಟ್ಟಲಲ್ಲಿ ನೋಡಿದರೆ ಚೆನ್ನಾಗಿತ್ತು. ಲ್ಯಾಂಪಿನ ಕೆಳಗೆ ಬಿಳಿ ಹಾಳೆಯ ಮೇಲೆ ಒಂದು ತೊಟ್ಟು ಬಿಟ್ಟು ಕ್ಯಾಮೆರಾದಲ್ಲಿ ನೋಡಿದರೆ ಗುಲಾಬಿ! ಅದರ ಮೂಲಕ ಅಕ್ಷರಗಳೂ ಕಾಣುತ್ತಿದ್ದವು. ರಕ್ತ ಹಾಗೆ ಆರಪಾರ ಕಾಣುವ ವಸ್ತುವಲ್ಲ. ಒಂದು ತೊಟ್ಟು ನೀಲಿ ಬಣ್ಣ ಸೇರಿಸಿದ ಮೇಲೆ ಕೆಂಪು ಗಾಢವಾಯಿತು. ಚಿಟಿಕೆ ಕೋಕೋ ಪುಡಿ ಹಾಕಿ ಕಲಸಿದಾಗ ಅಕ್ಷರಗಳು ಮುಚ್ಚಿಹೋದವು. ತೊಟ್ಟು ಕೂದಲ ತುದಿಯಲ್ಲಿ ಒಂದು ಕ್ಷಣ ನಿಂತು, ಉಬ್ಬಿ, ಆಮೇಲೆ ಬೀಳುತ್ತಿತ್ತು. ಆ ನಿಲ್ಲುವಿಕೆ ನನಗೆ ಎಷ್ಟು ಇಷ್ಟವಾಯಿತೆಂದರೆ ಅದಕ್ಕೆಂದೇ ಒಂದು ಕ್ಲೋಸಪ್ ಸೇರಿಸಿಕೊಂಡೆ.

ಮೊದಲ ಎರಡು ಗಂಟೆ ಟ್ಯೂಬ್‌ಲೈಟಿನ ಹಿಂದೆಯೇ ಹೋಯಿತು. ಕಾರಿಡಾರಿನ ಶಾಟ್‌ಗಳಲ್ಲಿ ಮೇಲಿಂದ ಕೆಳಗೆ ಪಟ್ಟೆಗಳು ಹರಿಯುತ್ತಿದ್ದವು. ನಮ್ಮ ಶಟರ್, ಅಂದರೆ ಒಂದೊಂದು ಫ್ರೇಮಿಗೂ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು, 1/60 ಸೆಕೆಂಡಿನಲ್ಲಿತ್ತು. ಕರೆಂಟು 50 ಹರ್ಟ್ಸ್ ಇರುವ ಕಡೆ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗದಿದ್ದರೂ ಕ್ಯಾಮೆರಾ ಅದನ್ನು ಹಿಡಿಯುತ್ತದೆ. 1/50ಕ್ಕೆ ಇಳಿಸಿದಾಗ ಪಟ್ಟೆ ಮಾಯ. ಕಥೆಯಲ್ಲಿ ಲೈಟು ಮಿನುಗುವ ಕಡೆ ಮಾತ್ರ ಒಬ್ಬ ಗೆಳೆಯ ಲ್ಯಾಂಪಿನ ಮುಂದೆ ರಟ್ಟು ಆಡಿಸಿದ.

ಕತ್ತಲೆ ತೋರಿಸಲಿಕ್ಕೂ ಬೆಳಕು ಬೇಕು ಅನ್ನುವುದು ಆ ರಾತ್ರಿಯೇ ಗೊತ್ತಾದದ್ದು. ಲೈಟೆಲ್ಲ ಆರಿಸಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿದರೆ ಚಿತ್ರದ ತುಂಬಾ ಕಾಳು ಕಾಳು. ಅದರ ಬದಲು ದೆವ್ವದ ಹಿಂದೆ ಒಂದು ಟಾರ್ಚ್ ಇಟ್ಟು, ಅಂಚಿನಲ್ಲಿ ಮಾತ್ರ ಬೆಳಕು ಬೀಳುವಂತೆ ಮಾಡಿ, ಮುಖವನ್ನು ಕಪ್ಪಾಗಿ ಬಿಟ್ಟೆವು. ನೋಡುವವರು ಆ ಕಪ್ಪಿನಲ್ಲಿ ತಮಗೆ ಬೇಕಾದ ಮುಖವನ್ನು ತಾವೇ ಇಟ್ಟುಕೊಳ್ಳುತ್ತಾರೆ.

ದೆವ್ವದ ಕಣ್ಣಿಂದ ಕಾಣುವ ಓಟದ ಶಾಟ್‌ಗೆ ಹಳೆಯ ಉಪಾಯವೊಂದನ್ನು ಬಳಸಿದೆವು. 1981ರ 'ದಿ ಈವಿಲ್ ಡೆಡ್' ಚಿತ್ರಕ್ಕೆ ಕ್ಯಾಮೆರಾವನ್ನು ಉದ್ದನೆಯ ಮರದ ಹಲಗೆಯ ನಡುವೆ ಕಟ್ಟಿ, ಇಬ್ಬರು ಎರಡು ತುದಿ ಹಿಡಿದು ಓಡಿದ್ದರು. ಆ ಚಿತ್ರದ ಶೂಟಿಂಗ್ ಶುರುವಾದಾಗ ನಿರ್ದೇಶಕ ಸ್ಯಾಮ್ ರೈಮಿಗೆ 20 ವರ್ಷ. ನಮ್ಮದೇ ವಯಸ್ಸು, ಅಲ್ವಾ? ಹಲಗೆ ಉದ್ದವಿದ್ದಷ್ಟೂ ಸಣ್ಣ ನಡುಕ ಕ್ಯಾಮೆರಾಗೆ ತಲುಪುವುದು ಕಡಿಮೆ. ಎರಡನೇ ಓಟಕ್ಕೇ ಶಾಟ್ ಓಕೆ ಆಯಿತು.

ರಾತ್ರಿ ಒಂದೂವರೆ ಹೊತ್ತಿಗೆ ಮುಖ್ಯ ಶಾಟ್‌ಗೆ ಬಂದೆವು. ಹುಡುಗ ಪುಸ್ತಕ ಕೊಡುತ್ತಾನೆ. ದೆವ್ವ ಪುಟ ತಿರುಗಿಸಿ "ಎಷ್ಟನೇ ಪಾಠ?" ಅಂತ ಕೇಳಬೇಕು. ಎರಡೇ ಮಾತು. ಇಡೀ ಚಿತ್ರ ಅದರ ಮೇಲೆ ನಿಂತಿತ್ತು.

ದೆವ್ವದ ಪಾತ್ರ ಮಾಡಿದ ಗೆಳತಿ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ನಗಿಸುವವಳು. ಮೊದಲ ಟೇಕಿನಲ್ಲಿ ದನಿ ಎಳೆದು ಹೇಳಿದಳು. ಎರಡನೆಯದರಲ್ಲಿ ತಲೆ ವಾರೆ ಮಾಡಿದಳು. ಮೂರರಲ್ಲಿ ಕೀರಲು ದನಿ. ಆರು ಟೇಕ್ ಆದವು. ಒಂದೊಂದಕ್ಕೂ ಕೋಣೆಯಲ್ಲಿ ಎಲ್ಲರೂ ನಕ್ಕರು, ಆದರೆ ಪ್ಲೇ ಮಾಡಿ ನೋಡಿದರೆ ಯಾರ ಮುಖದಲ್ಲೂ ನಗು ಇಲ್ಲ. ಭಯವಂತೂ ಇಲ್ಲವೇ ಇಲ್ಲ. ಎಲ್ಲಿ ತಪ್ಪಿತು ಅಂತ ನನಗೆ ಹೊಳೆಯಲಿಲ್ಲ.

ಅವಳೇ ನೆಲದ ಮೇಲೆ ಕೂತು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಹೇಳಿದಳು: "ಇವಳು ತಮಾಷೆ ಮಾಡ್ತಾ ಇಲ್ಲ ಕಣೋ. ತಮಾಷೆ ಮಾಡ್ತಿರೋದು ನಾನು. ಇವಳಿಗೆ ಪಾಪ, ಒಬ್ಬ ಹುಡುಗ ಪುಸ್ತಕ ಕೊಟ್ಟಿದ್ದಾನೆ. ಎಷ್ಟನೇ ಪಾಠ ಅಂತ ಇವಳಿಗೆ ನಿಜವಾಗ್ಲೂ ಗೊತ್ತಿಲ್ಲ."

ಏಳನೇ ಟೇಕ್. ಅವಳು ಪುಸ್ತಕ ತೆಗೆದುಕೊಂಡಳು. ಎರಡು ಪುಟ ಮಗುಚಿದಳು. ತಮ್ಮನಿಗೆ ಪಾಠ ಹೇಳಿಕೊಡಲು ಕೂತ ಅಕ್ಕನ ಹಾಗೆ, ಸ್ವಲ್ಪ ಆಯಾಸದ ದನಿಯಲ್ಲಿ, ತಲೆ ಎತ್ತದೆ ಕೇಳಿದಳು: "ಎಷ್ಟನೇ ಪಾಠ?"

ಕ್ಯಾಮೆರಾ ಹಿಡಿದ ಗೆಳೆಯನ ಬಾಯಿಂದ ಸದ್ದು ಬರಲಿಲ್ಲ. ಆದರೆ ಅವನ ಹೆಗಲು ಕುಣಿಯುತ್ತಿತ್ತು. ಕೈ ಟ್ರೈಪಾಡಿನ ಹಿಡಿಯ ಮೇಲಿತ್ತು. ಫ್ರೇಮು ಪೂರ್ತಿ ಅಲುಗಾಡಿತು.

ಎಂಟನೇ ಟೇಕಿಗೆ ಕ್ಯಾಮೆರಾ ಆನ್ ಮಾಡಿಟ್ಟು ನಟಿಸುವ ಇಬ್ಬರನ್ನು ಬಿಟ್ಟು ಎಲ್ಲರೂ ಹೊರಗೆ ಹೋದೆವು. ಚಿತ್ರ ಅಲುಗಲಿಲ್ಲ. ಆದರೆ ಆ ದನಿ ಮತ್ತೆ ಬರಲಿಲ್ಲ. ಒಂಬತ್ತು, ಹತ್ತರಲ್ಲೂ ಬರಲಿಲ್ಲ. ಆಗ ನೆನಪಾಯಿತು, ದೆವ್ವದ ಮುಖದ ಮೇಲೆ ಕೂದಲಿದೆ. ತುಟಿ ಕಾಣುವುದೇ ಇಲ್ಲ. ಏಳನೇ ಟೇಕಿನ ದನಿಯನ್ನು ಎಂಟನೇ ಟೇಕಿನ ಚಿತ್ರಕ್ಕೆ ಜೋಡಿಸಬಹುದು. ಹುಡುಗನ ಅಂಗಿ ಜೇಬಿನಲ್ಲಿದ್ದ ಫೋನಿನಲ್ಲಿ ದನಿ ಬೇರೆಯಾಗಿಯೇ ರೆಕಾರ್ಡ್ ಆಗಿತ್ತು. ನಾನು ಖುಷಿಯಿಂದ ಕೂಗಿಯೇಬಿಟ್ಟೆ.

ರಕ್ತದ ಶಾಟ್ ಮುಗಿದಾಗ ಐದು ಗಂಟೆ ಹತ್ತಿರ. ಕೊನೆಗೆ ಉಳಿದದ್ದು ಕೋಣೆಯ ಮೌನ. ಯಾರೂ ಮಾತಾಡದೆ, ಅಲುಗದೆ, 30 ಸೆಕೆಂಡು ಬರೀ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಬೇಕು. ಫ್ಯಾನ್ ಆರಿಸಿ ನಿಂತೆವು. ದೆವ್ವದ ಬೆರಳುಗಳಲ್ಲಿ ಪಾಕ ಒಣಗಿ ಅಂಟಂಟಾಗಿತ್ತು. ಬೆರಳು ಕೂಡಿದರೆ ಚಟ್ ಅನ್ನುತ್ತದೆಂದು ಅವಳು ಐದೂ ಬೆರಳನ್ನು ಅಗಲಿಸಿ ಗಾಳಿಯಲ್ಲಿ ಹಿಡಿದಿದ್ದಳು. ಹುಡುಗ ಕಣ್ಣು ಮುಚ್ಚಿ ನಿಂತಿದ್ದ. ಇಪ್ಪತ್ತನೇ ಸೆಕೆಂಡಿಗೆ ಹೊರಗೆ ಒಂದು ಹಕ್ಕಿ ಕೂಗಿತು. ಹಕ್ಕಿ ಅಂದರೆ ಬೆಳಗು. ಮತ್ತೆ ಮೊದಲಿಂದ. ಅಷ್ಟು ದಣಿದಿದ್ದರೂ ಯಾರೂ ಗೊಣಗಲಿಲ್ಲ. ಈ ಐದು ಜನರನ್ನು ನಾನು ಅಷ್ಟು ಹತ್ತಿರದವರೆಂದು ಅದಕ್ಕೆ ಮುಂಚೆ ಅಂದುಕೊಂಡಿರಲಿಲ್ಲ.

ಆ ಮೌನ ಎಡಿಟಿಂಗ್‌ನಲ್ಲಿ ಚಿತ್ರವನ್ನೇ ಉಳಿಸಿತು. ಮೊದಲು ಹುಡುಗ ಕೇಳಿದ ತಕ್ಷಣ ದೆವ್ವ ಉತ್ತರ ಕೊಡುವಂತೆ ಕತ್ತರಿಸಿದ್ದೆ. ನಗು ಬರಲಿಲ್ಲ. ನಡುವೆ 12 ಫ್ರೇಮ್, ಅಂದರೆ ಅರ್ಧ ಸೆಕೆಂಡು ಸೇರಿಸಿದೆ. ಇನ್ನೂ ಸಾಲದು. 48 ಫ್ರೇಮ್ ಮಾಡಿದಾಗ ದೆವ್ವ ಸುಮ್ನೆ ಪುಸ್ತಕ ನೋಡುತ್ತಾ ನಿಂತಿದ್ದಳು, ನನಗೇ ಮೈ ಜುಮ್ಮೆಂದಿತು. ಈಗ ಮೇಲೆ ಬೀಳುತ್ತಾಳೆ ಅನ್ನಿಸುತ್ತಿತ್ತು. ಆಗ ಆ ಪ್ರಶ್ನೆ. ಹೆದರಿಕೆಗೆಂದು ಎಳೆದುಕೊಂಡ ಉಸಿರೇ ನಗುವಾಗಿ ಹೊರಗೆ ಬರುತ್ತದೆ. ಆ ಎರಡು ಸೆಕೆಂಡಿನಲ್ಲಿ ಸದ್ದನ್ನು ಪೂರ್ತಿ ತೆಗೆದರೆ ಸ್ಪೀಕರ್ ಕೆಟ್ಟಿದೆ ಅನ್ನಿಸುತ್ತದೆ. ಕೋಣೆಯ ಮೌನ ಹಾಕಿದರೆ ಮಾತ್ರ ಯಾರೋ ಉಸಿರು ಹಿಡಿದು ನಿಂತಿದ್ದಾರೆ ಅನ್ನಿಸುತ್ತದೆ. ನಿಜವಾಗಿಯೂ ಆರು ಜನ ಹಾಗೆ ನಿಂತಿದ್ದೆವಲ್ಲ. ದೆವ್ವದ ನರಳಾಟವಂತೂ ನಾನು ಕೂತಿದ್ದ ಕುರ್ಚಿಯದ್ದು. ಅದರ ಕಿರುಗುಟ್ಟನ್ನು ಅರ್ಧ ವೇಗಕ್ಕೆ ಇಳಿಸಿದ್ದೆ, ಅಷ್ಟೇ.

ಒಂದು ತರಗತಿಯ ಕೋಣೆಯಲ್ಲಿ ಪರದೆ ಎಳೆದು, ಪ್ರೊಜೆಕ್ಟರ್ ಹಾಕಿ ತೋರಿಸಿದೆವು. ನಲವತ್ತು ಜನ ಇದ್ದಿರಬಹುದು. ನಾನು ಪರದೆ ನೋಡಲಿಲ್ಲ, ಮುಖಗಳನ್ನು ನೋಡುತ್ತಿದ್ದೆ. ಹಲಗೆಯ ಓಟಕ್ಕೆ ಮುಂದಿನ ಸಾಲಿನವರು ಹಿಂದಕ್ಕೆ ಒರಗಿದರು. ಪುಸ್ತಕ ದೆವ್ವದ ಕೈಗೆ ಹೋಯಿತು. ಎರಡು ಸೆಕೆಂಡು ಯಾರೂ ಕದಲಲಿಲ್ಲ. "ಎಷ್ಟನೇ ಪಾಠ?" ಮೊದಲು ಹಿಂದಿನ ಸಾಲಲ್ಲಿ ಒಬ್ಬರು ನಕ್ಕರು, ಆಮೇಲೆ ಇಡೀ ಕೋಣೆ. ಪಕ್ಕದಲ್ಲಿ ಕೂತ ಕ್ಯಾಮೆರಾ ಗೆಳೆಯನ ಹೆಗಲು ಮತ್ತೆ ಕುಣಿಯುತ್ತಿತ್ತು.

ಆ ನಗುವಿನ ನಡುವೆ "ಅಕ್ಕಾ, ಹುಷಾರು, ಲೈಬ್ರರಿ ಪುಸ್ತಕ" ಅನ್ನುವ ಮಾತು ಯಾರಿಗೂ ಕೇಳಲಿಲ್ಲ. ಇಷ್ಟು ಹೊತ್ತು ನಗುತ್ತಾರೆಂದು ಯಾರೂ ಎಣಿಸಿರಲಿಲ್ಲ. ಅವತ್ತು ರಾತ್ರಿಯೇ ಆರೂ ಜನ ಕಂಪ್ಯೂಟರಿನ ಮುಂದೆ ಕೂತು ಆ ಮಾತಿಗೆ ಮುಂಚೆ ಇನ್ನೂ 36 ಫ್ರೇಮ್ ಜಾಗ ಮಾಡಿದೆವು. ತೊಟ್ಟು ಕೂದಲ ತುದಿಯಲ್ಲಿ ಇನ್ನೂ ಒಂದೂವರೆ ಸೆಕೆಂಡು ನಿಂತಿತು.